ಕೀಟ ತಿನ್ನುವ ಗಿಡ ಸೊರಗುವುದೇಕೆ?
ಒಂದು ತಪ್ಪು ತಿಳಿವಳಿಕೆಯ ಚರಿತ್ರೆ



ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವುದನ್ನು ನೀವು ಬಲ್ಲಿರಿ. ಅದನ್ನು ನೋಡಿ ಬಂದ ಹುರುಪಿನಲ್ಲಿ ಒಂದೆರಡು ಕುಂಡಗಳನ್ನು ಕೊಂಡು ತರುವ ಮನೆಗಳು ನಮ್ಮ ನಗರದಲ್ಲಿ ಎಷ್ಟೋ ಇವೆ. ಈಚಿನ ವರ್ಷಗಳಲ್ಲಿ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಕಿಟಕಿಗಳಲ್ಲಿ ತುಳಸಿ, ದೊಡ್ಡಪತ್ರೆಗಳ ಪಕ್ಕದಲ್ಲಿ ಹೊಸ ಅತಿಥಿಯೊಂದು ಕಾಣಿಸಿಕೊಳ್ಳುತ್ತಿದೆ. ಅದೇ ಕೀಟಾಹಾರಿ ಸಸ್ಯ. ಎಲೆಯ ತುದಿಯಲ್ಲಿ ಹಲ್ಲುಗಳಂಥ ಕೂದಲುಳ್ಳ ವೀನಸ್ ಫ್ಲೈಟ್ರ್ಯಾಪ್, ಅಂದರೆ ‘ನೊಣದ ಬೋನು’. ಎಲೆಯ ತುದಿಯಲ್ಲಿ ಹೂಜಿಯನ್ನು ತೂಗುಬಿಟ್ಟ ನೆಪೆಂಥಿಸ್, ಅಂದರೆ ‘ಹೂಜಿ ಗಿಡ’. ಎಲೆಯ ತುಂಬ ಅಂಟು ಹನಿಗಳನ್ನು ಹೊತ್ತ ಡ್ರಾಸೆರಾ, ಅಂದರೆ ‘ಇಬ್ಬನಿ ಗಿಡ’.

ತಂದ ವಾರವೆಲ್ಲ ಮನೆಯಲ್ಲಿ ಸಂಭ್ರಮ. ಅಕ್ಕಪಕ್ಕದ ಮಕ್ಕಳು ಬಂದು ಬೋನಿನೊಳಗೆ ಕಡ್ಡಿ ಹಾಕಿ ಅದು ಮುಚ್ಚಿಕೊಳ್ಳುವುದನ್ನು ನೋಡುತ್ತಾರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಬೋನುಗಳು ಒಂದೊಂದಾಗಿ ಕಪ್ಪಾಗುತ್ತವೆ, ಹೂಜಿಗಳು ಒಣಗುತ್ತವೆ, ಇಬ್ಬನಿ ಆರಿಹೋಗುತ್ತದೆ. ಆಗ ಮನೆಯ ಹಿರಿಯರು ಹೇಳುವ ಮಾತು ಒಂದೇ: “ಪಾಪ, ಹಸಿದಿರಬೇಕು. ಸ್ವಲ್ಪ ಗೊಬ್ಬರ ಹಾಕು.” ಗೊಬ್ಬರ ಹಾಕಿದ ಮೇಲೆ ಗಿಡ ಇನ್ನೂ ಬೇಗ ಸಾಯುತ್ತದೆ.

ಹಿರಿಯರ ಪ್ರೀತಿಯಲ್ಲಿ ತಪ್ಪಿಲ್ಲ, ತಪ್ಪಿರುವುದು ರೋಗನಿದಾನದಲ್ಲಿ. ಈ ತಪ್ಪು ಅವರೊಬ್ಬರದೂ ಅಲ್ಲ. ಈ ಗಿಡಗಳು ಏನು ತಿನ್ನುತ್ತವೆ, ಏಕೆ ತಿನ್ನುತ್ತವೆ ಎಂಬುದನ್ನು ಅರಿಯಲು ಜಗತ್ತಿನ ದೊಡ್ಡ ವಿದ್ವಾಂಸರಿಗೇ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಚರಿತ್ರೆಯನ್ನು ತಿಳಿದರೆ ನಿಮ್ಮ ಕಿಟಕಿಯ ಕುಂಡದ ಕಾಯಿಲೆಯೂ ತಿಳಿಯುತ್ತದೆ. ಬನ್ನಿ, ನೋಡೋಣ.

ಲಿನೇಯಸ್ ಒಪ್ಪದ ಸತ್ಯ

1759ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ಆಗ ಬ್ರಿಟಿಷರ ವಸಾಹತು. ಅಲ್ಲಿನ ಗವರ್ನರ್ ಆರ್ಥರ್ ಡಾಬ್ಸ್ ಲಂಡನ್ನಿನ ಸಸ್ಯಪ್ರೇಮಿ ಪೀಟರ್ ಕಾಲಿನ್‌ಸನ್ ಅವರಿಗೆ ಬರೆದ ಪತ್ರದಲ್ಲಿ, ಮುಟ್ಟಿದರೆ ಮುಚ್ಚಿಕೊಂಡು ನೊಣ ಹಿಡಿಯುವ ಗಿಡವೊಂದರ ಸುದ್ದಿಯನ್ನು ತಿಳಿಸಿದರು. ನೊಣದ ಬೋನಿನ ವಿಷಯ ಯೂರೋಪಿಗೆ ತಲುಪಿದ್ದು ಹೀಗೆ. ಅದನ್ನು ಕೂಲಂಕಷವಾಗಿ ಪರೀಕ್ಷಿಸಿದವರು ಲಂಡನ್ನಿನ ವರ್ತಕ ಮತ್ತು ನಿಸರ್ಗ ವಿಜ್ಞಾನಿ ಜಾನ್ ಎಲ್ಲಿಸ್. ಈ ಎಲೆ ಕೀಟವನ್ನು ಹಿಡಿಯುವುದು ಆಹಾರಕ್ಕಾಗಿಯೇ ಇರಬೇಕೆಂದು ಊಹಿಸಿ, ಅವರು 1769ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಅವರಿಗೆ ಬರೆದರು.

ಲಿನೇಯಸ್ ಎಂದರೆ ಸಸ್ಯಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಮಹಾಪಂಡಿತರು. ಅವರು ಗಿಡವನ್ನು ಕಂಡು ಬೆರಗಾದರು, ಆದರೆ ಎಲ್ಲಿಸರ ಊಹೆಯನ್ನು ಒಪ್ಪಲಿಲ್ಲ. ನಮ್ಮ ಮುಟ್ಟಿದರೆ ಮುನಿ ಗಿಡ ಮುದುಡುವುದಿಲ್ಲವೇ, ಇದೂ ಅಂಥದೇ ಚಲನೆ ಎಂದು ತಿಳಿದರು. ಪ್ರಾಣಿಗೆ ಸಸ್ಯ ಆಹಾರ ಎಂಬುದು ಅಂದಿನವರು ನಂಬಿದ್ದ ಸೃಷ್ಟಿಯ ಕ್ರಮ. ಅದು ತಲೆಕೆಳಗಾಗುವುದನ್ನು ಒಪ್ಪುವುದು ಸುಲಭವಾಗಿರಲಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಎಲ್ಲಿಸ್ ಈ ಗಿಡದ ಚಿತ್ರ ಮತ್ತು ವಿವರಣೆಯನ್ನು 1770ರಲ್ಲಿ ಪ್ರಕಟಿಸಿದ್ದು ಯಾವ ಪುಸ್ತಕದಲ್ಲಿ ಗೊತ್ತೇ? ಪೂರ್ವದೇಶಗಳಿಂದ ಮತ್ತು ಇತರ ದೂರದ ನಾಡುಗಳಿಂದ ಬೀಜ, ಸಸಿಗಳನ್ನು ಸಾಯದಂತೆ ಸಾಗಿಸುವುದು ಹೇಗೆ ಎಂಬ ಕೈಪಿಡಿಗೆ ಸೇರಿಸಿ! ಅಂದರೆ, ನೊಣದ ಬೋನು ಪುಸ್ತಕದ ಪುಟಕ್ಕೆ ಬಂದಾಗಲೇ ‘ತವರು ಬಿಟ್ಟ ಗಿಡವನ್ನು ಉಳಿಸುವುದು ಹೇಗೆ’ ಎಂಬ ಪ್ರಶ್ನೆಯೂ ಅದರ ಜೊತೆಯಲ್ಲಿತ್ತು.

ಹಡಗಿನ ಮೇಲಿನ ಉಪ್ಪು

ಆ ಕಾಲದಲ್ಲಿ ಹಡಗಿನಲ್ಲಿ ಸಾಗಿಸಿದ ಗಿಡಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಸಾಯುತ್ತಿದ್ದವು. ಕುಡಿಯುವ ನೀರಿಗೇ ಬರವಿದ್ದಾಗ ಗಿಡಕ್ಕೆ ಸಿಹಿನೀರು ಕೊಡುವವರು ಯಾರು? ಸಾಲದ್ದಕ್ಕೆ ಸಮುದ್ರದ ಉಪ್ಪುನೀರಿನ ತುಂತುರು ಎಲೆ, ಮಣ್ಣುಗಳ ಮೇಲೆ ಸದಾ ಬೀಳುತ್ತಿತ್ತು. ಇದಕ್ಕೆ ಪರಿಹಾರ ಕಂಡವರು ಲಂಡನ್ನಿನ ವೈದ್ಯ ನೆಥಾನಿಯಲ್ ವಾರ್ಡ್. 1829ರಲ್ಲಿ ಅವರು ಪತಂಗದ ಕೋಶವೊಂದನ್ನು ತೇವದ ಮಣ್ಣಿನೊಂದಿಗೆ ಮುಚ್ಚಿದ ಬಾಟಲಿಯಲ್ಲಿಟ್ಟಿದ್ದರು. ಆ ಮಣ್ಣಿನಲ್ಲಿ ತಾನಾಗಿಯೇ ಒಂದು ಜರೀಗಿಡ ಮೊಳೆತು ಬೆಳೆಯಿತು. ಒಳಗಿನ ತೇವ ಆವಿಯಾಗಿ, ಗಾಜಿಗೆ ತಾಗಿ, ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ಇದೇ ತತ್ತ್ವದ ಮೇಲೆ ಮಾಡಿದ ಗಾಜಿನ ಪೆಟ್ಟಿಗೆಗಳು 1833ರಲ್ಲಿ ಲಂಡನ್ನಿನಿಂದ ಸಿಡ್ನಿಗೆ ಹೊರಟವು. ಗಿಡಗಳು ಜೀವಂತವಾಗಿ ತಲುಪಿದವು. ಮುಂದೆ ಚೀನಾದ ಚಹಾ ಸಸಿಗಳು ಭಾರತಕ್ಕೆ ಬಂದದ್ದೂ ಇಂಥ ಪೆಟ್ಟಿಗೆಗಳಲ್ಲೇ.

ಇಂದು ಅಲಂಕಾರಕ್ಕೆಂದು ಮಾರುವ ಮುಚ್ಚಿದ ಗಾಜಿನ ಬುರುಡೆಗಳು ವಾರ್ಡ್ ಪೆಟ್ಟಿಗೆಯ ಮರಿಮಕ್ಕಳು. ಆದರೆ ವಾರ್ಡ್ ಪೆಟ್ಟಿಗೆ ಇದ್ದದ್ದು ಪ್ರಯಾಣಕ್ಕಾಗಿ. ನೊಣದ ಬೋನಿಗೆ ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೇಕು. ಮುಚ್ಚಿದ ಗಾಜನ್ನು ಏಪ್ರಿಲ್ ತಿಂಗಳ ಬಿಸಿಲಿಗೆ ಇಟ್ಟರೆ ಒಳಗಿನ ಗಿಡ ಬೆಂದುಹೋಗುತ್ತದೆ. ಬಿಸಿಲಿಗೆ ಇಡದಿದ್ದರೆ ಬಿಳಿಚಿಕೊಂಡು ಸೊರಗುತ್ತದೆ. ತೆರೆದ ಕುಂಡವೇ ಅದಕ್ಕೆ ಲೇಸು. ಹೂಜಿ ಗಿಡದ ಮಾತು ಸ್ವಲ್ಪ ಬೇರೆ. ಅದಕ್ಕೆ ತೇವದ ಗಾಳಿ ಮತ್ತು ಸೋಸಿಬಂದ ಬೆಳಕು ಹಿತ. ನರ್ಸರಿಯ ಆರ್ದ್ರ ಗಾಳಿಯಿಂದ ಮನೆಯ ಒಣ ಗಾಳಿಗೆ ಬಂದಾಗ ಇದ್ದ ಹೂಜಿಗಳು ಒಣಗುವುದುಂಟು. ಹೊಸ ಎಲೆ ಚೆನ್ನಾಗಿ ಬರುತ್ತಿದ್ದರೆ ಗಾಬರಿ ಬೇಡ.

ಡಾರ್ವಿನ್ ಎಣಿಸಿದ ಎಲೆಗಳು

1860ರ ಬೇಸಿಗೆಯಲ್ಲಿ ಚಾರ್ಲ್ಸ್ ಡಾರ್ವಿನ್ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ವಿಶ್ರಾಂತಿಗೆಂದು ಇದ್ದರು. ಅಲ್ಲಿನ ಜೌಗು ನೆಲದಲ್ಲಿ ಇಬ್ಬನಿ ಗಿಡಗಳನ್ನು ಕಂಡು, ಕೈಗೆ ಸಿಕ್ಕ ಹನ್ನೆರಡು ಗಿಡಗಳನ್ನು ಕಿತ್ತು ಎಣಿಸಿದರು. ಪೂರ್ತಿ ಅರಳಿದ 56 ಎಲೆಗಳಲ್ಲಿ 31ರ ಮೇಲೆ ಸತ್ತ ಕೀಟಗಳು ಅಥವಾ ಅವುಗಳ ಅವಶೇಷಗಳಿದ್ದವು. ಇದು ಆಕಸ್ಮಿಕವಾಗಿರಲು ಸಾಧ್ಯವಿಲ್ಲವೆಂದು ಅವರಿಗೆ ತೋರಿತು. ಅಂದಿನಿಂದ ಹದಿನೈದು ವರ್ಷ ಬಿಡುವಾದಾಗಲೆಲ್ಲ ಪ್ರಯೋಗ ಮಾಡಿ, 1875ರಲ್ಲಿ ಕೀಟಾಹಾರಿ ಸಸ್ಯಗಳನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು.

ಮಾಂಸ, ಬೇಯಿಸಿದ ಮೊಟ್ಟೆಯ ಬಿಳಿಭಾಗ, ಗಾಜಿನ ಚೂರು, ಕೂದಲಿನ ತುಣುಕು ಹೀಗೆ ಬಗೆಬಗೆಯ ವಸ್ತುಗಳನ್ನು ಅವರು ಎಲೆಯ ಮೇಲಿಟ್ಟು ನೋಡಿದರು. ಸಾರಜನಕವುಳ್ಳ ವಸ್ತುಗಳಿಗೆ ಎಲೆ ಬಲವಾಗಿ ಸ್ಪಂದಿಸಿತು, ರಸ ಸುರಿಸಿ ಅವನ್ನು ಕರಗಿಸಿತು. ಎಲೆ ‘ತಿನ್ನುತ್ತದೆ’ ಎಂಬುದು ಸಿದ್ಧವಾಯಿತು. ಡಾರ್ವಿನ್ನರ ಮಿತ್ರರೂ ಕ್ಯೂ ಉದ್ಯಾನದ ನಿರ್ದೇಶಕರೂ ಆಗಿದ್ದ ಜೋಸೆಫ್ ಹೂಕರ್ ಹೂಜಿ ಗಿಡಗಳ ಮೇಲೆ ಇಂಥದೇ ಪ್ರಯೋಗ ಮಾಡಿ, 1874ರಲ್ಲಿ ಬೆಲ್‌ಫಾಸ್ಟ್ ನಗರದ ವಿಜ್ಞಾನ ಸಮ್ಮೇಳನದಲ್ಲಿ ಅದರ ಫಲವನ್ನು ವಿವರಿಸಿದರು. ಇದೇ ಹೂಕರ್ 1850ರಲ್ಲಿ ನಮ್ಮ ಖಾಸಿ ಬೆಟ್ಟಗಳಲ್ಲಿ ಸುತ್ತಾಡಿದ್ದವರು. ಮೇಘಾಲಯದ ಹೂಜಿ ಗಿಡಕ್ಕೆ 1873ರಲ್ಲಿ ‘ನೆಪೆಂಥಿಸ್ ಖಾಸಿಯಾನ’ ಎಂದು ಹೆಸರಿಟ್ಟವರೂ ಅವರೇ.

ಬೋನು ಮುಚ್ಚುವ ಗುಟ್ಟು ಬಯಲಾದದ್ದೂ ಈ ಕಾಲದಲ್ಲೇ. 1873ರಲ್ಲಿ ಲಂಡನ್ನಿನ ಶರೀರವಿಜ್ಞಾನಿ ಬರ್ಡನ್ ಸ್ಯಾಂಡರ್‌ಸನ್, ನೊಣದ ಬೋನಿನ ಕೂದಲನ್ನು ಮುಟ್ಟಿದಾಗ ಎಲೆಯಲ್ಲಿ ವಿದ್ಯುತ್ ಸಂಕೇತ ಹರಿಯುವುದನ್ನು ಅಳೆದು ತೋರಿಸಿದರು. ಒಂದು ಸ್ಪರ್ಶಕ್ಕೆ ಬೋನು ಸಾಮಾನ್ಯವಾಗಿ ಮುಚ್ಚುವುದಿಲ್ಲ. ಸುಮಾರು 20 ಸೆಕೆಂಡುಗಳೊಳಗೆ ಎರಡನೆಯ ಸ್ಪರ್ಶವಾಗಬೇಕು. ಜರ್ಮನಿಯ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸಿಕ್ಕಿಬಿದ್ದ ಕೀಟ ಒದ್ದಾಡಿ ಸ್ಪರ್ಶಗಳು ಐದರಷ್ಟಾದ ಮೇಲೆ ಜೀರ್ಣರಸದ ತಯಾರಿಗೆ ಚಾಲನೆ ಸಿಗುತ್ತದೆ. ಒದ್ದಾಟ ಇಲ್ಲದಿದ್ದರೆ ಬೋನು ಒಂದೆರಡು ದಿನದಲ್ಲಿ ಬರಿಗೈಯಲ್ಲಿ ತೆರೆದುಕೊಳ್ಳುತ್ತದೆ.

ಕಡ್ಡಿ ಹಾಕಿ ಆಟವಾಡುವ ಮಕ್ಕಳಿಗೆ ಇದನ್ನು ಹೇಳಿ. ಒಂದು ಬೋನು ತನ್ನ ಆಯುಷ್ಯದಲ್ಲಿ ಮುಚ್ಚಿ ತೆರೆಯುವುದು ಕೆಲವೇ ಸಲ. ಆಟಕ್ಕೆ ಮುಚ್ಚಿಸಿದಾಗಲೆಲ್ಲ ಗಿಡದ ಶಕ್ತಿ ವ್ಯರ್ಥವಾಗುತ್ತದೆ. ಹಳೆಯ ಬೋನು ಕಪ್ಪಾಗಿ ಉದುರುವುದು ಸಹಜ. ಆದರೆ ಎಳೆಯ ಬೋನುಗಳೂ ಕಪ್ಪಾಗುತ್ತಿದ್ದರೆ ಅದು ಕಾಯಿಲೆಯ ಲಕ್ಷಣ. ಡಾರ್ವಿನ್ನರ ಕಾಲದಲ್ಲೇ ಬೋನಿಗೆ ಚೀಸ್ ತಿನ್ನಿಸಿ ನೋಡಿದವರಿದ್ದರು. ಎಲೆ ಕಪ್ಪಾಗಿ ಸತ್ತಿತು. ಇಂದು ಪನೀರು, ಮಾಂಸದ ತುಂಡು ಹಾಕುವವರು ಅದೇ ಪ್ರಯೋಗವನ್ನು ಮತ್ತೆ ಮಾಡುತ್ತಿದ್ದಾರೆ ಅಷ್ಟೆ.

ತಿನ್ನುವುದು ಸರಿ, ಏಕೆ ತಿನ್ನುತ್ತದೆ?

ಎಲೆ ತಿನ್ನುತ್ತದೆ ಎಂದ ಮಾತ್ರಕ್ಕೆ ಗಿಡಕ್ಕೆ ಅದರಿಂದ ಲಾಭವಿದೆ ಎಂದಾಯಿತೇ? ಈ ಸಂದೇಹವನ್ನು ಬಗೆಹರಿಸಿದವರು ಡಾರ್ವಿನ್ನರ ಮಗ ಫ್ರಾನ್ಸಿಸ್. 1877ರಲ್ಲಿ ಅವರು ಇಬ್ಬನಿ ಗಿಡಗಳನ್ನು ತಟ್ಟೆಗಳಲ್ಲಿ ಬೆಳೆಸಿ, ಪ್ರತಿ ತಟ್ಟೆಯನ್ನೂ ಅಡ್ಡಗೋಡೆಯಿಂದ ಎರಡು ಭಾಗ ಮಾಡಿದರು. ಒಂದು ಭಾಗದ ಗಿಡಗಳಿಗೆ ಮಾಂಸದ ಅತಿ ಸಣ್ಣ ಚೂರುಗಳು. ಇನ್ನೊಂದು ಭಾಗಕ್ಕೆ ಉಪವಾಸ. ಮಣ್ಣು, ನೀರು, ಬೆಳಕು ಎರಡಕ್ಕೂ ಒಂದೇ. ಕೊನೆಗೆ ಉಂಡ ಗಿಡಗಳು ಉಪವಾಸವಿದ್ದ ಗಿಡಗಳಿಗಿಂತ ಎರಡು ಪಟ್ಟಿಗೂ ಹೆಚ್ಚು ಬೀಜ ಕೊಟ್ಟವು. ಆದರೆ ಉಪವಾಸವಿದ್ದ ಗಿಡಗಳೂ ಬದುಕಿ, ಹೂಬಿಟ್ಟು, ಬೀಜ ಕಟ್ಟಿದವು ಎಂಬುದನ್ನು ಮರೆಯಬೇಡಿ.

ಇದರ ಅರ್ಥವೇನು? 1860ರ ಸುಮಾರಿಗೆ ಜರ್ಮನಿಯ ಸಾಕ್ಸ್ ಮತ್ತು ಕ್ನೋಪ್ ಗಿಡಗಳನ್ನು ಬರಿಯ ನೀರಿನಲ್ಲಿ ಬೆಳೆಸಿ, ಬೇರಿನ ಮೂಲಕ ಯಾವ ಯಾವ ಖನಿಜಗಳು ಬೇಕೆಂಬುದನ್ನು ತೋರಿಸಿದ್ದರು. ಗಿಡ ತನ್ನ ಸಕ್ಕರೆಯನ್ನು ಬಿಸಿಲು, ಗಾಳಿ, ನೀರುಗಳಿಂದ ತಾನೇ ತಯಾರಿಸಿಕೊಳ್ಳುತ್ತದೆ. ಸಾರಜನಕ, ರಂಜಕಗಳು ಮಾತ್ರ ಮಣ್ಣಿನಿಂದ ಬರಬೇಕು. ಕೀಟಾಹಾರಿಗಳ ತವರಾದ ಜೌಗು ನೆಲದಲ್ಲಿ, ಮಳೆ ತೊಳೆದ ಬಂಡೆಯ ಮೇಲೆ ಅವು ಇಲ್ಲವೆನ್ನುವಷ್ಟು ಕಡಿಮೆ. ಆ ಕೊರತೆಯನ್ನು ಕೀಟ ತುಂಬುತ್ತದೆ. ಹಾಗಾಗಿ ಕೀಟ ಈ ಗಿಡದ ಅನ್ನವಲ್ಲ, ಉಪ್ಪಿನಕಾಯಿ ಎನ್ನಬಹುದು. ಅನ್ನ ಬಿಸಿಲಿನಿಂದಲೇ ಬರಬೇಕು.

ಅಮೆರಿಕದ ಥಾಮಸ್ ಗಿವ್ನಿಶ್ ಮತ್ತು ಸಂಗಡಿಗರು 1984ರಲ್ಲಿ ಇದಕ್ಕೊಂದು ಲೆಕ್ಕಾಚಾರ ಕೊಟ್ಟರು. ಬೋನು, ಹೂಜಿ, ಅಂಟು ಇವನ್ನು ಮಾಡಲು ಗಿಡ ದುಬಾರಿ ವೆಚ್ಚ ತೆರುತ್ತದೆ. ಬಿಸಿಲು ಧಾರಾಳ, ನೀರು ಧಾರಾಳ, ಮಣ್ಣು ಮಾತ್ರ ಬಡವಾಗಿದ್ದಾಗಲೇ ಆ ವೆಚ್ಚ ಗಿಟ್ಟುತ್ತದೆ. 2002ರಲ್ಲಿ ಎಲ್ಲಿಸನ್ ಮತ್ತು ಗೊಟೆಲ್ಲಿ ಎಂಬ ವಿಜ್ಞಾನಿಗಳು ಅಮೆರಿಕದ ಜೌಗಿನ ಹೂಜಿ ಗಿಡವಾದ ಸರಸೇನಿಯಾಕ್ಕೆ ಹೆಚ್ಚು ಸಾರಜನಕ ಕೊಟ್ಟು ನೋಡಿದರು. ಗಿಡ ಹೂಜಿಯನ್ನು ಕಿರಿದು ಮಾಡಿ ಚಪ್ಪಟೆ ಎಲೆಗಳನ್ನು ಬಿಡತೊಡಗಿತು. ಊಟ ಮನೆಬಾಗಿಲಿಗೇ ಬಂದರೆ ಬೇಟೆಯೇಕೆ? ನಿಮ್ಮ ಹೂಜಿ ಗಿಡ ಎಲೆ ಬಿಡುತ್ತಿದ್ದರೂ ಹೂಜಿ ಬಿಡದಿದ್ದರೆ ಬೆಳಕು ಸಾಲದೇ, ಗಾಳಿ ಒಣಗಿದೆಯೇ, ಗೊಬ್ಬರ ಹೆಚ್ಚಾಯಿತೇ ಎಂಬ ಮೂರು ಪ್ರಶ್ನೆ ಕೇಳಿಕೊಳ್ಳಿ.

ನಮ್ಮ ನಲ್ಲಿಯ ನೀರಿನ ಚರಿತ್ರೆ

ಈಗ ಮುಖ್ಯ ಆರೋಪಿಯ ಕಡೆಗೆ ಬರೋಣ. ಅದು ನೀರು. ಕುಂಡಕ್ಕೆ ಹಾಕುವ ಒಂದು ಲೋಟ ನೀರಿಗೂ ಚರಿತ್ರೆಯಿದೆ. ಅರ್ಕಾವತಿ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಚಾಮರಾಜಸಾಗರದ ನೀರು 1933ರಲ್ಲಿ ಬೆಂಗಳೂರಿಗೆ ಬಂತು. ನಗರದ ಪಶ್ಚಿಮ ಬಡಾವಣೆಗಳು ಬಹುಕಾಲ ಅದನ್ನು ನೆಚ್ಚಿದ್ದವು. 1974ರಲ್ಲಿ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಪಂಪು ಮಾಡಿದ ಕಾವೇರಿ ಬಂದಳು. ಕಾವೇರಿ ಮುಟ್ಟದ ಕಡೆ, ಅಥವಾ ಸಾಲದ ಕಡೆ, ಕೊಳವೆಬಾವಿಗಳು. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ಕೊಳವೆಬಾವಿಯ ನೀರು ಕಲ್ಲಿನ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ಗೀಸರಿನಲ್ಲಿ, ನೀರು ಕಾಯಿಸುವ ಪಾತ್ರೆಯಲ್ಲಿ ಕಟ್ಟುವ ಬಿಳಿ ಪೊರೆ ಅದರ ಸಾಕ್ಷಿ.

ಗುಲಾಬಿ, ದಾಸವಾಳಗಳಿಗೆ ಈ ನೀರಿನಿಂದ ತೊಂದರೆ ಅಷ್ಟಾಗಿ ಇಲ್ಲ. ಮಳೆನೀರಿಗೆ ಒಗ್ಗಿದ ಕೀಟಾಹಾರಿಯ ಬೇರಿಗೆ ಇದು ನಿಧಾನ ವಿಷ. ಲೀಟರಿಗೆ 50 ಮಿಲಿಗ್ರಾಂಗಿಂತ ಕಡಿಮೆ ಲವಣವಿರುವ ನೀರೇ ಇವಕ್ಕೆ ಸರಿ ಎಂಬುದು ಬೆಳೆಗಾರರ ರೂಢಿಯ ನಿಯಮ. ಒಂದು ಲೆಕ್ಕ ಮಾಡಿ. ಲೀಟರಿಗೆ 300 ಮಿಲಿಗ್ರಾಂ ಲವಣವಿರುವ ನೀರನ್ನು ದಿನಕ್ಕೆ 100 ಮಿಲಿಲೀಟರ್ ಹಾಕಿದರೆ ಕುಂಡಕ್ಕೆ ಸೇರುವುದು 30 ಮಿಲಿಗ್ರಾಂ. ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ. ವರ್ಷಕ್ಕೆ ಸುಮಾರು 11 ಗ್ರಾಂ, ಅಂದರೆ ಎರಡು ಟೀ ಚಮಚದಷ್ಟು! ಹಡಗಿನ ಗಿಡಗಳ ಮೇಲೆ ಎರಚಿದ ಉಪ್ಪು ಇದೇ ತಾನೆ? ಮಣ್ಣಿನ ಮೇಲೆ ಬಿಳಿಯ ಹೆಪ್ಪಳಿಕೆ ಕಂಡರೆ ರೋಗ ತಿಳಿಯಿತೆಂದೇ ಲೆಕ್ಕ.

ಇಲ್ಲೊಂದು ಎಚ್ಚರಿಕೆ. ಅಡುಗೆಮನೆಯ ಆರ್.ಓ. ಯಂತ್ರ ಹೊರಹಾಕುವ ನೀರನ್ನು ಗಿಡಗಳಿಗೆ ಹಾಕುವ ಒಳ್ಳೆಯ ಅಭ್ಯಾಸ ಅನೇಕ ಮನೆಗಳಲ್ಲಿದೆ. ಆದರೆ ಯಂತ್ರ ಬೇರ್ಪಡಿಸಿದ ಲವಣವೆಲ್ಲ ಸೇರುವುದು ಆ ನೀರಿಗೇ. ಕೀಟಾಹಾರಿಗೆ ಅದನ್ನು ಹಾಕಲೇಬಾರದು. ಹಾಗಾದರೆ ಯಾವ ನೀರು? ಎಲ್ಲಕ್ಕಿಂತ ಮೇಲು ಮಳೆನೀರು. ಬೆಂಗಳೂರಿನಲ್ಲಿ 2009ರ ಕಾನೂನು ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿತು. ನಿಮಗೆ ತೊಟ್ಟಿಯೇ ಬೇಕೆಂದಿಲ್ಲ. ಮೊದಲ ಮಳೆಗೆ ಚಾವಣಿ ತೊಳೆದುಹೋದ ಮೇಲೆ ಒಂದು ಬಕೆಟ್ ಇಟ್ಟರೆ ಸಾಕು. ಮಳೆ ಇಲ್ಲದ ತಿಂಗಳುಗಳಲ್ಲಿ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಆಗುತ್ತದೆ. ಆ್ಯಸಿಡ್ ಬೆರೆತ ಡಬ್ಬಿ ತರಬೇಡಿ, ಜೋಕೆ!

ಮಣ್ಣಿನ ವಿಷಯವೂ ಹೀಗೆಯೇ. ಕೆಂಪುಮಣ್ಣು, ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ ಇವೆಲ್ಲ ಇಲ್ಲಿ ವರ್ಜ್ಯ. ನೊಣದ ಬೋನು, ಇಬ್ಬನಿ ಗಿಡಗಳಿಗೆ ಗೊಬ್ಬರ ಸೇರಿಸದ ಪೀಟ್ ಪಾಚಿ ಮತ್ತು ತೊಳೆದ ಒರಟು ಮರಳು ಸಾಕು. ತೆಂಗಿನ ನಾರಿನ ಪುಡಿ ಬಳಸುವುದಾದರೆ ಮಳೆನೀರಿನಲ್ಲಿ ಹಲವು ಸಲ ನೆನೆಸಿ ತೊಳೆಯಿರಿ; ಅದರಲ್ಲೂ ಉಪ್ಪಿರುತ್ತದೆ.

ಎಲ್ಲ ಸರಿಯಿದ್ದರೂ ನೊಣದ ಬೋನು ಎರಡು ಮೂರು ವರ್ಷಗಳಲ್ಲಿ ಕ್ಷೀಣಿಸಬಹುದು. ಅದರ ತವರಾದ ಕೆರೊಲಿನಾದಲ್ಲಿ ಚಳಿಗಾಲ ಮಂಜು ಕಟ್ಟುವಷ್ಟು ತಂಪು. ಆ ಮೂರು ನಾಲ್ಕು ತಿಂಗಳು ಗಿಡ ನಿದ್ರಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರು ನಮಗೆ ತಂಪು, ಅದಕ್ಕೆ ಅಲ್ಲ. ಜನವರಿಯ ರಾತ್ರಿಗಳೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. ನಿದ್ದೆಗೆಟ್ಟ ಗಿಡ ಬಳಲುತ್ತದೆ. ನಮ್ಮ ಊರಿನ ಹವೆಗೆ ನರ್ಸರಿಯಲ್ಲಿ ಬೆಳೆಸಿದ ಮಿಶ್ರತಳಿಯ ಹೂಜಿ ಗಿಡಗಳೇ ಹೆಚ್ಚು ಹೊಂದುತ್ತವೆ.

ಕುಂಡದಾಚೆಗಿನ ಕಾಯಿಲೆ

ಕೀಟಾಹಾರಿಗಳು ನಮಗೆ ಪರದೇಶಿಗಳೇನೂ ಅಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಮಲೆನಾಡಿನಲ್ಲಿ, ಕರಾವಳಿಯಿಂದ ಕಾಸರಗೋಡಿನವರೆಗೆ ‘ಪದವು’ ಎಂದು ಕರೆಯುವ ಮುರಕಲ್ಲಿನ ಬಯಲುಗಳಲ್ಲಿ ಬಗ್ಗಿ ನೋಡಿ. ನೆಲಕ್ಕಂಟಿದ ಕೆಂಪು ಇಬ್ಬನಿ ಗಿಡಗಳು, ನೀರಿನಡಿಯ ಸಣ್ಣ ಗುಳ್ಳೆಗಳಿಂದ ಸೂಕ್ಷ್ಮ ಜೀವಿಗಳನ್ನು ಹಿಡಿಯುವ, ನೀಲಿ-ನೇರಳೆ ಹೂವಿನ ಯುಟ್ರಿಕ್ಯುಲೇರಿಯಾ ಗಿಡಗಳು ಕಾಣಸಿಗುತ್ತವೆ. ನಮ್ಮ ಇಬ್ಬನಿ ಗಿಡಗಳಲ್ಲಿ ಕೆಲವು ಒಂದೇ ವರ್ಷ ಬದುಕಿ, ಬೀಜ ಚೆಲ್ಲಿ ಸಾಯುವಂಥವು. ಆ ಸಾವು ಕಾಯಿಲೆಯಲ್ಲ.

ಕಾಯಿಲೆ ಬೇರೆ ಕಡೆ ಇದೆ. ಬಡ ನೀರಿಗೆ ಗೊಬ್ಬರ, ಕೊಳಚೆ ಸೇರಿದರೆ ಹುಲ್ಲು, ಪಾಚಿಗಳು ಕೊಬ್ಬಿ ಬೆಳೆದು ಈ ಪುಟ್ಟ ಗಿಡಗಳನ್ನು ಮುಚ್ಚಿಹಾಕುತ್ತವೆ. ಬೋನಿನ ಜಲವಾಸಿ ಸೋದರನಾದ ಅಲ್ಡ್ರೊವಾಂಡ ಯೂರೋಪಿನ ಎಷ್ಟೋ ಕೆರೆಗಳಿಂದ ಕಣ್ಮರೆಯಾಗಲು ಇದೇ ಒಂದು ದೊಡ್ಡ ಕಾರಣ. ಕೆಂಗೇರಿಯಲ್ಲಿ ವೃಷಭಾವತಿಯ ದಂಡೆಗೆ ಹೋದರೆ, ನಗರದ ಕೊಳಚೆಯನ್ನು ಹೊತ್ತ ಹೊಳೆ ಹೇಗಿರುತ್ತದೆಂದು ಮೂಗೇ ಹೇಳುತ್ತದೆ. ಒಂದು ಕುಂಡಕ್ಕೆ ನಾವು ಅಕ್ಕರೆಯಿಂದ ಮಾಡುವ ತಪ್ಪನ್ನೇ ಕೆರೆ, ಹೊಳೆಗಳಿಗೆ ಅಸಡ್ಡೆಯಿಂದ ಮಾಡುತ್ತಿದ್ದೇವೆ.

ಇನ್ನೊಂದು ಅಪಾಯ ಕಳ್ಳಸಾಗಣೆಯದು. ಗಾರೋ ಜನರು ‘ಮೆಮಾಂಗ್ ಕೋಕ್ಸಿ’, ದೆವ್ವದ ಬುಟ್ಟಿ, ಎಂದು ಕರೆಯುವ ಮೇಘಾಲಯದ ಹೂಜಿ ಗಿಡ 1987ರಿಂದ ಅಂತರರಾಷ್ಟ್ರೀಯ ವ್ಯಾಪಾರದ ಅತ್ಯಂತ ಕಟ್ಟುನಿಟ್ಟಾದ ನಿರ್ಬಂಧದ ಪಟ್ಟಿಯಲ್ಲಿದೆ. ಉತ್ತರ ಕೆರೊಲಿನಾದಲ್ಲಿ ಕಾಡಿನ ನೊಣದ ಬೋನನ್ನು ಕದಿಯುವುದು 2014ರಿಂದ ಗಂಭೀರ ಅಪರಾಧ. ಆದ್ದರಿಂದ ಗಿಡ ಕೊಳ್ಳುವಾಗ ಅದು ನರ್ಸರಿಯಲ್ಲೇ ಬೆಳೆಸಿದ್ದೇ ಎಂದು ಕೇಳಿ. ಪ್ರವಾಸ ಹೋದಾಗ ಬಯಲಿನ ಇಬ್ಬನಿ ಗಿಡವನ್ನು ಕಿತ್ತು ತರಬೇಡಿ.

ಕೊನೆಗೊಂದು ಪ್ರಯೋಗ. ಮೂರು ಸ್ಟೀಲ್ ತಟ್ಟೆಗಳಲ್ಲಿ ಒಂದೇ ಅಳತೆಯ ಮಳೆನೀರು, ನಲ್ಲಿನೀರು, ಆರ್.ಓ. ಯಂತ್ರ ಹೊರಬಿಟ್ಟ ನೀರು ಹಾಕಿ ಬಿಸಿಲಿಗಿಡಿ. ನೀರು ಆರಿದ ಮೇಲೆ ತಟ್ಟೆಗಳಲ್ಲಿ ಉಳಿದ ಬಿಳಿ ಕಲೆಗಳನ್ನು ಹೋಲಿಸಿ ನೋಡಿ. ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಸಮವಾಗಿಡುವ ಫ್ರಾನ್ಸಿಸ್ ಡಾರ್ವಿನ್ನರ ವಿಧಾನವೇ ಇದು. ಆಮೇಲೆ ಸೊರಗಿದ ಗಿಡದ ಮುಂದೆ ಕುಳಿತು ನೀರು, ಮಣ್ಣು, ಬೆಳಕು, ಹವೆ ಹೀಗೆ ಒಂದೊಂದನ್ನೇ ಪರೀಕ್ಷಿಸಿ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ, ಕೆಲವು ವಾರ ಕಾದು, ಕಂಡದ್ದನ್ನು ಬರೆದಿಡಿ. ಹೊಸ ಎಲೆ ಹೇಗೆ ಬರುತ್ತದೆ ಎಂಬುದೇ ನಿಮ್ಮ ಚಿಕಿತ್ಸೆಯ ಫಲಿತಾಂಶ.

ಈ ಗಿಡ ಹಸಿವಿನಿಂದ ಸಾಯುವುದು ಅಪರೂಪ. ನಾವು ಬಡಿಸಿದ್ದರಿಂದ ಸಾಯುವುದೇ ಹೆಚ್ಚು. ಅದು ಬಡ ಮಣ್ಣಿನಲ್ಲಿ ಬಾಳಲು ಕಲಿತ ಜೀವ. ಅದರ ಬಡತನವನ್ನು ಅದಕ್ಕೇ ಬಿಟ್ಟುಕೊಡುವುದು ನಾವು ಮಾಡಬಹುದಾದ ದೊಡ್ಡ ಉಪಕಾರ.